ಛಾಯಾಚಿತ್ರದಲ್ಲಿ ಹೊಗೆ ಕೂರಿಸುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ, ಗೃಹಪ್ರವೇಶ, ಯಕ್ಷಗಾನ, ಹೋಟೆಲಿನ ತಿಂಡಿತಿನಿಸುಗಳ ಫೋಟೋ ತೆಗೆದು ತಿದ್ದುವವರೂ, ಹವ್ಯಾಸಕ್ಕೆಂದು ಫೋಟೋಶಾಪ್ ಅಥವಾ ಗಿಂಪ್ ಕಲಿಯುತ್ತಿರುವವರೂ ಹೊಗೆಯ ವಿಷಯವಾಗಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟರೆ ಅನುಕೂಲವೆಂದು ಇದನ್ನು ಬರೆದಿದ್ದೇನೆ. ಲೇಯರ್, ಮಾಸ್ಕ್, ಬ್ಲೆಂಡ್ ಮೋಡ್ ಎಂದರೇನೆಂದು ಓದುಗರಿಗೆ ತಿಳಿದಿದೆ ಎಂದು ಭಾವಿಸಿದ್ದೇನೆ.

ತಂದು ಕೂರಿಸಿದ ಹೊಗೆ ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ. ಏನು ತಪ್ಪಾಗಿರುತ್ತದೆ?

ಹೆಚ್ಚಿನ ಸಲ ತಪ್ಪು ತಂತ್ರಾಂಶದ ಬಳಕೆಯಲ್ಲಿ ಇರುವುದಿಲ್ಲ. ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬುದನ್ನು ನೋಡಿಕೊಳ್ಳದೆ ಕೆಲಸ ಆರಂಭಿಸಿದ್ದರಲ್ಲಿ ಇರುತ್ತದೆ. ಹೊಗೆ ಎಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ರಾಶಿ. ಅದಕ್ಕೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಅದು ಸುತ್ತಲೂ ಚದುರಿಸುತ್ತದೆ. ಜೊತೆಗೆ, ತನ್ನ ಹಿಂದಿರುವ ವಸ್ತುವಿನಿಂದ ನಮ್ಮ ಕಣ್ಣಿಗೆ ಬರಬೇಕಾಗಿದ್ದ ಬೆಳಕಿನಲ್ಲಿ ಒಂದು ಪಾಲನ್ನು ತಡೆದುಬಿಡುತ್ತದೆ. ಈ ಎರಡೂ ಕೆಲಸಗಳು ಚಿತ್ರದಲ್ಲಿ ಕಂಡಾಗಲೇ ನೋಡುವವರ ಕಣ್ಣು ಅದನ್ನು ಹೊಗೆಯೆಂದು ಒಪ್ಪುತ್ತದೆ.

ಬೆಳಕಿನ ದಿಕ್ಕು ಎಷ್ಟು ಮುಖ್ಯವೆಂಬುದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಕಿಟಕಿಯ ಮುಂದೆ ಊದುಬತ್ತಿ ಹಚ್ಚಿಟ್ಟು, ಕಿಟಕಿಗೆ ಎದುರಾಗಿ ನಿಂತು, ಹೊಗೆಯ ಹಿಂದೆ ಕಪ್ಪಾದ ವಸ್ತುವೊಂದು ಬರುವ ಹಾಗೆ ನೋಡಿದರೆ ಹೊಗೆ ಬೆಳ್ಳಿಯಂತೆ ಹೊಳೆಯುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಂತು ನೋಡಿದರೆ ಅದೇ ಹೊಗೆ ಮಂಕಾಗಿ, ಇದ್ದೂ ಇಲ್ಲದಂತಿರುತ್ತದೆ. ಇಂಥ ಕಣಗಳು ಬೆಳಕನ್ನು ಅದು ಸಾಗುತ್ತಿದ್ದ ದಿಕ್ಕಿಗೇ ಹೆಚ್ಚಾಗಿ ಚದುರಿಸುವುದರಿಂದ ಹೀಗಾಗುತ್ತದೆ. ಆದ್ದರಿಂದ ಮುಂಭಾಗದಿಂದ ಫ್ಲ್ಯಾಶ್ ಹಾಕಿ ತೆಗೆದ ಚಿತ್ರಕ್ಕೆ ಹಿಂದಿನಿಂದ ಬೆಳಗಿದ ಹೊಗೆಯನ್ನು ತಂದಿಟ್ಟರೆ, ಮಿಕ್ಕದ್ದೆಲ್ಲ ಸರಿಯಿದ್ದರೂ ಅದು ಹೊಂದಿಕೊಳ್ಳುವುದಿಲ್ಲ. ನನ್ನ ಕ್ರಮವೆಂದರೆ, ಮೊದಲು ಚಿತ್ರದಲ್ಲಿರುವ ಮೂಗಿನ ನೆರಳು, ಕಂಬದ ನೆರಳು, ಪಾತ್ರೆಯ ಮೇಲಿನ ಹೊಳಪು ಇವುಗಳನ್ನು ನೋಡಿ ಬೆಳಕಿನ ದಿಕ್ಕನ್ನು ನಿರ್ಧರಿಸಿಕೊಂಡು, ಆಮೇಲೆಯೇ ಹೊಗೆಯ ಚಿತ್ರವನ್ನು ಆರಿಸುವುದು.

ಇದಕ್ಕೆ ಯಾವ ತಂತ್ರಾಂಶ ಬೇಕು?

ಲೇಯರ್, ಲೇಯರ್ ಮಾಸ್ಕ್, ಬ್ಲೆಂಡ್ ಮೋಡ್ ಮತ್ತು ಲೆವೆಲ್ಸ್ (ಚಿತ್ರದ ಕಪ್ಪು ಬಿಳುಪಿನ ಮಟ್ಟವನ್ನು ಹೊಂದಿಸುವ ಸಾಧನ) ಇವು ನಾಲ್ಕು ಇರುವ ಯಾವುದಾದರೂ ಸಾಕು. ಫೋಟೋಶಾಪ್‌ನಲ್ಲಿ ಲೇಯರ್‌ಗಳು ಬಂದದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಈ ಕೆಲಸಕ್ಕೆ ಬೇಕಾದ ಮೂಲ ಸಾಮಗ್ರಿ ಅಂದಿನಿಂದಲೂ ಇದೆ. ಗಿಂಪ್ ಉಚಿತ, ಮತ್ತು ಹೊಗೆಯ ಮಟ್ಟಿಗೆ ಅದರಲ್ಲಿರುವ ಕಲರ್ ಟು ಆಲ್ಫಾ ಎಂಬ ಸೌಲಭ್ಯ ನಿಜಕ್ಕೂ ಅಮೂಲ್ಯವಾದದ್ದು. ಅದರ ಬಗ್ಗೆ ಮುಂದೆ ಹೇಳಿದ್ದೇನೆ.

ಹೊಗೆಯ ಚಿತ್ರವನ್ನು ಮನೆಯಲ್ಲಿಯೇ ತೆಗೆದುಕೊಳ್ಳಬಹುದೇ, ಅಥವಾ ಅಂತರ್ಜಾಲದಿಂದ ಇಳಿಸಿಕೊಳ್ಳಬೇಕೇ?

ಮನೆಯಲ್ಲಿಯೇ ತೆಗೆಯಿರಿ. ಮೈಸೂರಿನ ಊದುಬತ್ತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇರುವ ನಾಡಿನಲ್ಲಿ ಹೊಗೆಗೆ ಬರವಿಲ್ಲ. ಇಳಿಸಿಕೊಂಡ ಚಿತ್ರಗಳಲ್ಲಿ ಬೆಳಕಿನ ದಿಕ್ಕು ನಮ್ಮ ಕೈಯಲ್ಲಿರುವುದಿಲ್ಲ, ಪರವಾನಗಿಯ ಪ್ರಶ್ನೆ ಇರುತ್ತದೆ, ಮತ್ತು ಒಂದೇ ಹೊಗೆಯನ್ನು ನೂರಾರು ಜನ ಬಳಸಿರುತ್ತಾರೆ.

ಬೇಕಾಗುವುದು ಇಷ್ಟು: ಬೆಳಕನ್ನು ಹೀರುವ ಕಪ್ಪು ಬಟ್ಟೆ, ಸಾಧ್ಯವಾದರೆ ಮಖಮಲ್ಲಿನದು; ಒಂದು ಫ್ಲ್ಯಾಶ್ ಅಥವಾ ಬಲವಾದ ಎಲ್‌ಇಡಿ ದೀಪ; ಟ್ರೈಪಾಡ್; ಫ್ಯಾನ್ ಆರಿಸಿದ, ಗಾಳಿಯಾಡದ ಕೋಣೆ. ಬಟ್ಟೆಯನ್ನು ಊದುಬತ್ತಿಯಿಂದ ಒಂದು, ಒಂದೂವರೆ ಮೀಟರ್ ಹಿಂದಕ್ಕೆ ತೂಗುಹಾಕಿ. ದೀಪವನ್ನು ಹೊಗೆಯ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ಇಟ್ಟು, ಅದರ ಬೆಳಕು ಬಟ್ಟೆಯ ಮೇಲಾಗಲಿ ಲೆನ್ಸಿನ ಮೇಲಾಗಲಿ ನೇರವಾಗಿ ಬೀಳದಂತೆ ಎರಡೂ ಬದಿಗೆ ಕಪ್ಪು ರಟ್ಟನ್ನು ಅಡ್ಡ ಹಿಡಿಯಿರಿ. ಊದುಬತ್ತಿಯ ತುದಿಗೆ ಫೋಕಸ್ ಮಾಡಿ, ಆಮೇಲೆ ಮ್ಯಾನ್ಯುಯಲ್‌ಗೆ ಬದಲಿಸಿ ಅದನ್ನು ಅಲ್ಲಿಯೇ ನಿಲ್ಲಿಸಿ; ಆಟೋಫೋಕಸ್ ಹೊಗೆಯನ್ನು ಹಿಡಿಯಲಾರದೆ ಒದ್ದಾಡುತ್ತದೆ. ಎಫ್/8ರಿಂದ ಎಫ್/11ರವರೆಗಿನ ಅಪರ್ಚರ್, ಐಎಸ್‌ಒ 100 ಅಥವಾ 200, ಶಟರ್ 1/200 ಸೆಕೆಂಡ್ ಇಟ್ಟು, ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ಹೊಡೆಯಿರಿ. ಶಕ್ತಿ ಕಡಿಮೆಯಾದಷ್ಟೂ ಫ್ಲ್ಯಾಶ್ ಉರಿಯುವ ಅವಧಿ ಕಿರಿದಾಗುವುದರಿಂದ ಹೊಗೆಯ ಎಳೆಗಳು ಸ್ಪಷ್ಟವಾಗಿ ನಿಲ್ಲುತ್ತವೆ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಿಟಕಿ ತೆರೆದು ಕೋಣೆಯನ್ನು ಖಾಲಿ ಮಾಡಬೇಕು. ಹಾಗೆ ಮಾಡದಿದ್ದರೆ ಕೋಣೆಯಲ್ಲೆಲ್ಲ ತೆಳುವಾಗಿ ಹರಡಿಕೊಂಡ ಹೊಗೆಯಿಂದ ಕಪ್ಪು ಹಿನ್ನೆಲೆ ಬೂದುಬಣ್ಣಕ್ಕೆ ತಿರುಗುತ್ತದೆ, ಮತ್ತು ಮುಂದೆ ಅದನ್ನು ಲೆವೆಲ್ಸ್‌ನಲ್ಲಿ ಕಪ್ಪಾಗಿಸುವಾಗ ಹೊಗೆಯ ನವಿರಾದ ಅಂಚುಗಳೂ ಅದರೊಂದಿಗೆ ಹೋಗುತ್ತವೆ. ಮನೆಯಲ್ಲಿ ಉಬ್ಬಸದವರು, ಚಿಕ್ಕ ಮಕ್ಕಳು ಇದ್ದರೆ ಅವರು ಹೊರಗೆ ಹೋದ ಸಮಯ ನೋಡಿ ಈ ಕೆಲಸ ಮಾಡಿ. ಒಂದು ಬಕೆಟ್ ನೀರು ಹತ್ತಿರದಲ್ಲಿರಲಿ.

ದಟ್ಟವಾದ, ಹರವಾದ ಹೊಗೆ ಬೇಕಿದ್ದರೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ. ಊದುಬತ್ತಿ ದಾರವನ್ನು ಕೊಡುತ್ತದೆ, ಸಾಂಬ್ರಾಣಿ ಮೋಡವನ್ನು ಕೊಡುತ್ತದೆ. ಎರಡನ್ನೂ ನಲವತ್ತು ಐವತ್ತು ಚಿತ್ರಗಳಷ್ಟು ತೆಗೆದಿಟ್ಟುಕೊಂಡರೆ ವರ್ಷಗಟ್ಟಲೆ ಬಳಕೆಗೆ ಬರುತ್ತವೆ. ಬೆಳಕು ಎಡದಿಂದ, ಬಲದಿಂದ, ಹಿಂದಿನಿಂದ ಎಂದು ಬೇರೆಬೇರೆ ಫೋಲ್ಡರ್ ಮಾಡಿ ಇಡುವುದು ಒಳ್ಳೆಯದು.

ಕಪ್ಪು ಹಿನ್ನೆಲೆಯ ಹೊಗೆಯನ್ನು ಸ್ಕ್ರೀನ್ ಮೋಡ್‌ಗೆ ಹಾಕಿದರೆ ಕೆಲವೊಮ್ಮೆ ಚೆನ್ನಾಗಿ ಬರುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ಏಕೆ?

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ, ಮತ್ತು ಇದರ ಉತ್ತರ ಅರ್ಥವಾದವರಿಗೆ ಅರ್ಧ ಕೆಲಸ ಮುಗಿದಂತೆಯೇ.

ಸ್ಕ್ರೀನ್ ಮೋಡ್ ಚಿತ್ರವನ್ನು ಬೆಳಗಿಸಬಲ್ಲದೇ ಹೊರತು ಎಂದೂ ಕಪ್ಪಾಗಿಸಲಾರದು. ಚಿತ್ರದ ಪ್ರತಿ ಬಿಂದುವಿಗೂ ಒಂದು ಬೆಲೆಯಿರುತ್ತದೆ; 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ. ಸ್ಕ್ರೀನ್‌ನ ಲೆಕ್ಕ ಸರಳ: ಎರಡೂ ಲೇಯರ್‌ಗಳ ಬೆಲೆಯನ್ನು 255ರಿಂದ ಕಳೆದು, ಬಂದ ಎರಡು ಸಂಖ್ಯೆಗಳನ್ನು ಗುಣಿಸಿ, 255ರಿಂದ ಭಾಗಿಸಿ, ಆ ಉತ್ತರವನ್ನು ಮತ್ತೆ 255ರಿಂದ ಕಳೆಯುತ್ತದೆ. ಹೊಗೆಯ ಒಂದು ಬಿಂದುವಿನ ಬೆಲೆ 100 ಎಂದಿಟ್ಟುಕೊಳ್ಳೋಣ. ಅದರ ಕೆಳಗಿನ ಚಿತ್ರದಲ್ಲಿ 40ರ ಕತ್ತಲೆಯಿದ್ದರೆ ಅದು 124ಕ್ಕೆ ಏರುತ್ತದೆ, ಅಂದರೆ 84 ಅಂಕಗಳಷ್ಟು ಬೆಳಗುತ್ತದೆ. ಕೆಳಗೆ 200ರ ತಿಳಿಯಾದ ಗೋಡೆಯಿದ್ದರೆ ಅದು 222 ಆಗುತ್ತದೆ, ಏರಿಕೆ 22 ಮಾತ್ರ. ಸುಣ್ಣ ಬಳಿದ 240ರ ಗೋಡೆಯಿದ್ದರೆ 246 ಆಗುತ್ತದೆ. ಆ ಆರು ಅಂಕಗಳ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಗೃಹಪ್ರವೇಶದ ಹೋಮದ ಚಿತ್ರವೊಂದನ್ನು ತಿದ್ದಬೇಕಾಗಿತ್ತು. ಹೋಮಕುಂಡದ ಹಿಂದೆ ಹೊಸದಾಗಿ ಬಣ್ಣ ಬಳಿದ ಬಿಳಿಯ ಗೋಡೆ. ಸ್ಕ್ರೀನ್‌ನಲ್ಲಿ ಹಾಕಿದ ಹೊಗೆ ಪುರೋಹಿತರ ಕಪ್ಪು ಕೂದಲಿನ ಮೇಲೆ, ಕುಂಡದ ಇಟ್ಟಿಗೆಯ ಮೇಲೆ ಕಾಣುತ್ತಿತ್ತು, ಗೋಡೆ ಬಂದ ಕೂಡಲೇ ಕತ್ತರಿಸಿದಂತೆ ನಿಂತುಬಿಡುತ್ತಿತ್ತು. ಲೇಯರಿನ ಮೇಲೆ ಲೇಯರ್ ನಕಲು ಮಾಡುತ್ತಾ ಹೋದೆ. ಗೋಡೆಯ ಮೇಲೆ ಹೊಗೆ ಬರಲಿಲ್ಲ, ಆದರೆ ಪುರೋಹಿತರ ತಲೆ ಪೂರ್ತಿ ಬೆಳ್ಳಗಾಯಿತು. ನಿಜವಾದ ಹೊಗೆ ಬಿಳಿ ಗೋಡೆಯ ಮುಂದೆ ಗೋಡೆಗಿಂತ ಕಪ್ಪಾಗಿ, ಕೊಳೆಯ ಹಾಗೆ ಕಾಣುತ್ತದೆ ಎಂಬುದು ಹೊಳೆದದ್ದು ಮರುದಿನ ದೇವರಮನೆಯಲ್ಲಿ ಕುಳಿತು ನೋಡಿದಾಗ.

ಹಾಗಾಗಿ ರಾತ್ರಿಯ ಚಿತ್ರ, ವೇದಿಕೆಯ ಕತ್ತಲೆ, ಕಾಡಿನ ನೆರಳು ಇಂಥ ಕಡೆ ಸ್ಕ್ರೀನ್ ಸಾಕು. ಹಿನ್ನೆಲೆ ತಿಳಿಯಾಗಿದ್ದರೆ ಅಥವಾ ಕಪ್ಪು ಬಿಳುಪು ಎರಡೂ ಇದ್ದರೆ ಮಾಸ್ಕ್ ವಿಧಾನವೇ ದಾರಿ.

ಮಾಸ್ಕ್ ವಿಧಾನ ಎಂದರೆ ಏನು, ಅದನ್ನು ಮಾಡುವುದು ಹೇಗೆ?

ಹೊಗೆಯ ಚಿತ್ರವನ್ನು ಚಿತ್ರವಾಗಿ ಬಳಸದೆ, ಎಲ್ಲಿ ಎಷ್ಟು ದಟ್ಟವಾಗಿ ಹೊಗೆ ಇರಬೇಕು ಎಂಬುದರ ನಕ್ಷೆಯಾಗಿ ಬಳಸುವುದೇ ಈ ವಿಧಾನ. ಫೋಟೋಶಾಪ್‌ನಲ್ಲಿ ಹೊಗೆಯ ಚಿತ್ರವನ್ನು ತೆರೆದು, ಲೆವೆಲ್ಸ್‌ನಲ್ಲಿ ಎಡಗಡೆಯ ಕಪ್ಪು ಸ್ಲೈಡರನ್ನು ಹಿನ್ನೆಲೆ ಅಚ್ಚ ಕಪ್ಪಾಗುವವರೆಗೆ ಮಾತ್ರ ಸರಿಸಿ, ಪೂರ್ತಿ ಆಯ್ದು ಕಾಪಿ ಮಾಡಿಕೊಳ್ಳಿ. ಮುಖ್ಯ ಚಿತ್ರದಲ್ಲಿ ಸಾಲಿಡ್ ಕಲರ್ ಫಿಲ್ ಲೇಯರ್ ಒಂದನ್ನು ಹಾಕಿ, ಅದಕ್ಕೆ ತೆಳು ಬೂದುಬಣ್ಣ ಕೊಡಿ. ಆ ಲೇಯರಿನ ಮಾಸ್ಕ್ ಮೇಲೆ ಆಲ್ಟ್ ಕೀಲಿ ಒತ್ತಿಕೊಂಡು ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ತೆರೆಯುತ್ತದೆ. ಅಲ್ಲಿ ಪೇಸ್ಟ್ ಮಾಡಿ, ಮತ್ತೆ ಆಲ್ಟ್ ಕ್ಲಿಕ್ ಮಾಡಿ ಹೊರಗೆ ಬನ್ನಿ. ಹೊಗೆ ಬೆಳ್ಳಗಿದ್ದ ಕಡೆ ಬೂದುಬಣ್ಣ ಕಾಣುತ್ತದೆ, ಕಪ್ಪಿದ್ದ ಕಡೆ ಕಾಣುವುದಿಲ್ಲ.

ಹಿಂದಿನ ಲೆಕ್ಕವನ್ನೇ ಇಲ್ಲಿಯೂ ಹಾಕಿ ನೋಡೋಣ. ಬೂದುಬಣ್ಣದ ಬೆಲೆ 150, ಮಾಸ್ಕ್‌ನ ಆ ಬಿಂದುವಿನ ಬೆಲೆ 100, ಅಂದರೆ ಸುಮಾರು 39 ಪ್ರತಿಶತ ಮರೆ. ಕೆಳಗಿನ 40ರ ಕತ್ತಲೆ 83ಕ್ಕೆ ಏರುತ್ತದೆ, 200ರ ಗೋಡೆ 180ಕ್ಕೆ ಇಳಿಯುತ್ತದೆ. ಒಂದೇ ಹೊಗೆ ಕತ್ತಲೆಯನ್ನು ಬೆಳಗಿಸಿತು, ಬೆಳಕನ್ನು ಮಂಕುಮಾಡಿತು. ಹೋಮದ ಚಿತ್ರಕ್ಕೆ ಬೇಕಾಗಿದ್ದದ್ದು ಇದೇ. ಪಾರದರ್ಶಕತೆಯನ್ನು ಹೀಗೆ ಲೆಕ್ಕಕ್ಕೆ ತರುವ ಕ್ರಮವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬ ಇಬ್ಬರು 1984ರ ತಮ್ಮ ಪ್ರಬಂಧದಲ್ಲಿ ಅಚ್ಚುಕಟ್ಟಾಗಿ ನಿರೂಪಿಸಿದರು. ಇಂದಿನ ಎಲ್ಲ ಚಿತ್ರ ತಂತ್ರಾಂಶಗಳೂ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿವೆ.

ಗಿಂಪ್‌ನಲ್ಲಿ ಇದು ಇನ್ನೂ ಸುಲಭ. ಹೊಗೆಯ ಲೇಯರನ್ನು ಆಯ್ದು, ಕಲರ್ಸ್ ಪಟ್ಟಿಯಲ್ಲಿರುವ ಕಲರ್ ಟು ಆಲ್ಫಾ ತೆರೆದು, ತೆಗೆಯಬೇಕಾದ ಬಣ್ಣ ಕಪ್ಪು ಎಂದು ಹೇಳಿದರೆ ಸಾಕು, ಕಪ್ಪೆಲ್ಲ ಹೋಗಿ ನಿಜವಾದ ಪಾರದರ್ಶಕ ಹೊಗೆ ಉಳಿಯುತ್ತದೆ. ಆಮೇಲೆ ಆಲ್ಫಾ, ಅಂದರೆ ಪಾರದರ್ಶಕತೆ, ಬದಲಾಗದಂತೆ ಲಾಕ್ ಮಾಡಿ ಅದಕ್ಕೆ ಬೇಕಾದ ಬಣ್ಣ ತುಂಬಬಹುದು.

ಒಂದು ಎಚ್ಚರಿಕೆ: ಈ ವಿಧಾನದಲ್ಲಿ ಹೊಗೆಯೆಲ್ಲಕ್ಕೂ ಒಂದೇ ಬಣ್ಣ ಬರುವುದರಿಂದ ಅದು ಚಪ್ಪಟೆಯಾಗಿ ಕಾಣುತ್ತದೆ. ಫಿಲ್ ಲೇಯರಿನ ಮೇಲೆ ಹೊಗೆಯ ಮೂಲಚಿತ್ರವನ್ನೇ ಸ್ಕ್ರೀನ್ ಮೋಡ್‌ನಲ್ಲಿ 20ರಿಂದ 30 ಪ್ರತಿಶತ ಒಪಾಸಿಟಿಯಲ್ಲಿ ಹಾಕಿದರೆ, ಬೆಳಕು ಬಿದ್ದ ಬದಿಯ ಹೊಳಪು ಮರಳಿ ಬರುತ್ತದೆ. ಮಾಸ್ಕ್ ಮರೆಮಾಡುತ್ತದೆ, ಸ್ಕ್ರೀನ್ ಬೆಳಗಿಸುತ್ತದೆ. ನಾನು ಈಗ ಮಾಡುವ ಬಹುಪಾಲು ಕೆಲಸಗಳಲ್ಲಿ ಇವೆರಡೂ ಜೊತೆಯಾಗಿಯೇ ಇರುತ್ತವೆ.

ಹೊಗೆಯ ಬಣ್ಣ ಯಾವುದಿರಬೇಕು? ಬೂದುಬಣ್ಣ ಹಾಕಿದರೂ ಕೃತಕವಾಗಿ ಕಾಣುತ್ತದೆ.

ಮಲೆನಾಡಿನ ನಮ್ಮ ಅಜ್ಜಿಯ ಮನೆಯಲ್ಲಿ ಬೆಳಗಿನ ಜಾವ ಬಚ್ಚಲ ಒಲೆಗೆ ಬೆಂಕಿ ಹಾಕಿದರೆ ಹೊಗೆ ಹೆಂಚಿನ ಸಂದುಗಳಿಂದ ಮೇಲೇಳುತ್ತಿತ್ತು. ಹಿಂದಿನ ಅಡಿಕೆ ತೋಟದ ಕಪ್ಪು ಹಸಿರಿನ ಮುಂದೆ ಅದು ಸ್ಪಷ್ಟವಾಗಿ ನೀಲಿ. ಅದೇ ಹೊಗೆ ಏರುತ್ತಾ ಅಡಿಕೆ ಮರಗಳ ತಲೆಯನ್ನು ದಾಟಿ ಬಿಳಿ ಆಕಾಶದ ಮುಂದೆ ಬಂದ ಕೂಡಲೇ ಕಂದುಬಣ್ಣಕ್ಕೆ, ತಿಳಿ ಕಾಫಿಯ ಬಣ್ಣಕ್ಕೆ ತಿರುಗುತ್ತಿತ್ತು. ಹೊಗೆ ಬದಲಾಗಿರಲಿಲ್ಲ, ಅದರ ಹಿಂದಿನದು ಬದಲಾಗಿತ್ತು.

ಕಾರಣವಿಷ್ಟೇ. ಈಗತಾನೇ ಹುಟ್ಟಿದ ಹೊಗೆಯ ಕಣಗಳು ಬೆಳಕಿನ ತರಂಗಾಂತರಕ್ಕಿಂತಲೂ ಚಿಕ್ಕವಾಗಿರುವುದರಿಂದ ಅವು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚಾಗಿ ಚದುರಿಸುತ್ತವೆ. ಕಪ್ಪು ಹಿನ್ನೆಲೆಯ ಮುಂದೆ ನಾವು ನೋಡುವುದು ಚದುರಿ ಬಂದ ಬೆಳಕನ್ನು, ಆದ್ದರಿಂದ ನೀಲಿ. ಬಿಳಿ ಹಿನ್ನೆಲೆಯ ಮುಂದೆ ನೋಡುವುದು ಚದುರದೆ ಹಾದು ಬಂದ ಬೆಳಕನ್ನು, ಅದರಲ್ಲಿ ನೀಲಿ ಕಡಿಮೆಯಾಗಿರುವುದರಿಂದ ಕಂದು. ಇದಕ್ಕೆ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿ ಜಾನ್ ಟಿಂಡಾಲ್ ಅವರ ಹೆಸರಿನಿಂದ ಟಿಂಡಾಲ್ ಪರಿಣಾಮ ಎನ್ನುತ್ತಾರೆ. ಸಿಗರೇಟಿನ ತುದಿಯಿಂದ ಏಳುವ ಹೊಗೆ ನೀಲಿಯಾಗಿದ್ದು, ಸೇದಿ ಬಿಟ್ಟದ್ದು ಬೂದುಬಿಳಿಯಾಗಿರುವುದೂ ಇದೇ ಲೆಕ್ಕದಲ್ಲಿ; ಬಾಯಿಯ ತೇವ ಹಿಡಿದ ಕಣಗಳು ದಪ್ಪವಾಗಿರುತ್ತವೆ, ದಪ್ಪ ಕಣಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ಚದುರಿಸುತ್ತವೆ.

ಇದನ್ನು ತಂತ್ರಾಂಶದಲ್ಲಿ ತರುವುದು ಕಷ್ಟವಲ್ಲ. ಹೊಗೆಯ ಲೇಯರನ್ನು ಎರಡು ಮಾಡಿ, ಒಂದಕ್ಕೆ ತೆಳು ನೀಲಿ, ಇನ್ನೊಂದಕ್ಕೆ ತೆಳು ಕಂದು ಕೊಡಿ. ಫೋಟೋಶಾಪ್‌ನ ಬ್ಲೆಂಡ್ ಇಫ್ ಸ್ಲೈಡರ್‌ಗಳಲ್ಲಿ ಕೆಳಗಿನ ಲೇಯರಿಗೆ ಸಂಬಂಧಿಸಿದ ಸಾಲನ್ನು ಹಿಡಿದು, ನೀಲಿಯದ್ದು ಕತ್ತಲೆಯ ಭಾಗದಲ್ಲಿ ಮಾತ್ರ, ಕಂದುಬಣ್ಣದ್ದು ಬೆಳಕಿನ ಭಾಗದಲ್ಲಿ ಮಾತ್ರ ಕಾಣುವಂತೆ ಮಾಡಿ. ಸ್ಲೈಡರನ್ನು ಆಲ್ಟ್ ಒತ್ತಿ ಎಳೆದರೆ ಅದು ಎರಡಾಗಿ ಸೀಳುತ್ತದೆ. ಸೀಳಿದ ಎರಡು ತುಂಡುಗಳ ನಡುವೆ ಸಾಕಷ್ಟು ಅಂತರವಿಟ್ಟರೆ ಬಣ್ಣ ಒಂದರಿಂದ ಇನ್ನೊಂದಕ್ಕೆ ನಯವಾಗಿ ಸರಿಯುತ್ತದೆ. ಬಣ್ಣದ ಗಾಢತೆ ಬಹಳ ಕಡಿಮೆಯಿರಲಿ, ನೋಡಿದವರು ನೀಲಿ ಎಂದು ಗುರುತಿಸಿ ಹೇಳುವಷ್ಟು ಇರಬಾರದು. ಇದಲ್ಲದೆ ಹೊಗೆಯ ಮೇಲೆ ಬೀಳುವ ಬೆಳಕಿನ ಬಣ್ಣವೂ ಸೇರಬೇಕು. ಸಂಜೆಯ ಬಿಸಿಲಿಗೆ ಹೊಂಬಣ್ಣ, ದೊಂದಿಯ ಬೆಳಕಿಗೆ ಕಿತ್ತಳೆ, ಟ್ಯೂಬ್‌ಲೈಟಿಗೆ ತಣ್ಣನೆಯ ಬಿಳಿ.

ಟೈರು ಉರಿದಾಗ, ಡೀಸೆಲ್ ಉರಿದಾಗ ಬರುವಂಥ ಕಪ್ಪು ಹೊಗೆಯನ್ನು ಹೇಗೆ ಮಾಡುವುದು?

ಕಪ್ಪು ಹೊಗೆಯಲ್ಲಿರುವುದು ಮಸಿ. ಅದು ಬೆಳಕನ್ನು ಚದುರಿಸುವುದಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹೊಗೆಯ ಚಿತ್ರವನ್ನು ಇನ್ವರ್ಟ್ ಮಾಡಿ, ಅಂದರೆ ಕಪ್ಪು ಬಿಳುಪನ್ನು ಅದಲುಬದಲು ಮಾಡಿ, ಮಲ್ಟಿಪ್ಲೈ ಮೋಡ್‌ನಲ್ಲಿ ಹಾಕುವುದು ರೂಢಿ. ಅಥವಾ ಮಾಸ್ಕ್ ವಿಧಾನದಲ್ಲಿ ಬೂದುಬಣ್ಣದ ಬದಲು ಕಡುಗಂದು ಹಾಕಬಹುದು, ನನಗೆ ಇದೇ ಹೆಚ್ಚು ಇಷ್ಟ. ಅಚ್ಚ ಕಪ್ಪನ್ನು ಮಾತ್ರ ಹಾಕಬೇಡಿ. ದಟ್ಟವಾದ ಕಪ್ಪು ಹೊಗೆಗೂ ಬಿಸಿಲು ಬಿದ್ದ ಬದಿಯಲ್ಲಿ ಮಾಸಿದ ಬೂದುಬಣ್ಣದ ಉಬ್ಬುಗಳಿರುತ್ತವೆ, ಬುಡದಲ್ಲಿ ಬೆಂಕಿಯಿದ್ದರೆ ಅಲ್ಲಿ ಕಿತ್ತಳೆಯ ಛಾಯೆ ಬಿದ್ದಿರುತ್ತದೆ.

ಊದುಬತ್ತಿಯ ಹೊಗೆಯನ್ನೇ ದೊಡ್ಡದು ಮಾಡಿ ಕಾರ್ಖಾನೆಯ ಚಿಮಣಿಗೋ ಕಾಳ್ಗಿಚ್ಚಿಗೋ ಬಳಸಬಹುದೇ?

ಬಳಸಬಾರದು. ನಿಶ್ಚಲವಾದ ಗಾಳಿಯಲ್ಲಿ ಊದುಬತ್ತಿಯ ಹೊಗೆ ಮೊದಲು ಗೆರೆ ಎಳೆದಂತೆ ನೇರವಾಗಿ ಏರುತ್ತದೆ, ಆಮೇಲೆ ಬಳುಕುತ್ತದೆ, ಮತ್ತೂ ಮೇಲೆ ಹೋದಂತೆ ಸುರುಳಿಯಾಗಿ ಒಡೆದು ಚೆದುರುತ್ತದೆ. ನೇರ ಗೆರೆಯ ಆ ಭಾಗ ಸಣ್ಣ ಪ್ರಮಾಣದ, ನಿಧಾನವಾದ ಹರಿವಿನಲ್ಲಿ ಮಾತ್ರ ಸಾಧ್ಯ. ಚಿಮಣಿಯ ಅಥವಾ ಕಾಡಿನ ಬೆಂಕಿಯ ಹೊಗೆ ಬಾಯಿಯಿಂದ ಹೊರಬೀಳುವಾಗಲೇ ಪ್ರಕ್ಷುಬ್ಧವಾಗಿದ್ದು, ಹೂಕೋಸಿನ ಗೆಡ್ಡೆಗಳ ಹಾಗೆ ಒಂದರ ಮೇಲೊಂದು ಉಬ್ಬುತ್ತಾ ಹೋಗುತ್ತದೆ. ನೋಡುವವರಿಗೆ ಈ ಭೌತಶಾಸ್ತ್ರ ತಿಳಿದಿರಬೇಕಾಗಿಲ್ಲ, ಕಣ್ಣಿಗೆ ಅಭ್ಯಾಸವಿರುತ್ತದೆ. ನೂಲಿನಂಥ ಎಳೆಗಳಿರುವ ಹೊಗೆ ಚಿಮಣಿಯ ಮೇಲೆ ಕಂಡರೆ ಚಿಮಣಿಯೇ ಆಟಿಕೆಯಂತೆ ಕಾಣತೊಡಗುತ್ತದೆ.

ದೊಡ್ಡ ಹೊಗೆ ಬೇಕಿದ್ದರೆ ದೊಡ್ಡ ಹೊಗೆಯನ್ನೇ ಹುಡುಕಿ: ಇಟ್ಟಿಗೆ ಗೂಡು, ಆಲೆಮನೆ, ಗದ್ದೆಯಲ್ಲಿ ಸುಡುವ ಕೂಳೆ. ಆಲೆಮನೆಯ ಕೊಪ್ಪರಿಗೆಯಿಂದ ಏಳುವುದು ಹಬೆ, ಒಲೆಯ ಚಿಮಣಿಯಿಂದ ಏಳುವುದು ಹೊಗೆ. ಒಂದೇ ಚೌಕಟ್ಟಿನಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಂಪ್ಯೂಟರಿನಲ್ಲಿಯೇ ಹುಟ್ಟಿಸಬೇಕೆಂದರೆ ಉಚಿತ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಹೊಗೆಯ ಸಿಮ್ಯುಲೇಷನ್ ಇದೆ. ಕಲಿಯಲು ಸಮಯ ಹಿಡಿಯುತ್ತದೆ, ಆದರೆ ಬೆಳಕು ಮತ್ತು ಗಾಳಿಯ ದಿಕ್ಕನ್ನು ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು.

ಗಾಳಿಯ ದಿಕ್ಕಿನ ಮಾತು ಬಂದದ್ದರಿಂದ ಹೇಳುತ್ತೇನೆ: ಚಿತ್ರದಲ್ಲಿ ಬಾವುಟ, ಸೀರೆಯ ಸೆರಗು, ತೆಂಗಿನ ಗರಿ ಯಾವ ಕಡೆಗೆ ಹಾರುತ್ತಿದೆಯೋ ಹೊಗೆಯೂ ಆ ಕಡೆಗೇ ಬಾಗಬೇಕು. ಹೊಗೆಯನ್ನು ಬಾಗಿಸಲು ವಾರ್ಪ್ ಬಳಸಿ. ಬೆಳಕು ಪಕ್ಕದಿಂದ ಬಿದ್ದಿರುವ ಹೊಗೆಯನ್ನು ಅಡ್ಡಲಾಗಿ ಮಗುಚಿದರೆ ಬೆಳಕೂ ಮಗುಚಿಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ.

ವ್ಯಕ್ತಿಯ ಸುತ್ತ ಹೊಗೆ ಸುತ್ತಿಕೊಂಡಂತೆ ಮಾಡುವುದು ಹೇಗೆ?

ಹೊಗೆಯನ್ನು ಒಂದೇ ಲೇಯರಿನಲ್ಲಿ ಎಲ್ಲರ ಮುಂದೆ ಹರಡಿದರೆ ಅದು ಗಾಜಿನ ಮೇಲಿನ ಕಲೆಯಂತೆ ಕಾಣುತ್ತದೆ. ಕನಿಷ್ಠ ಎರಡು ಪದರ ಮಾಡಿ. ವ್ಯಕ್ತಿಯನ್ನು ಆಯ್ದು ಪ್ರತ್ಯೇಕ ಲೇಯರ್ ಮಾಡಿಕೊಂಡು, ದಟ್ಟವಾದ ಹೊಗೆಯನ್ನು ಅವರ ಹಿಂದೆ, ತೆಳುವಾದ ಒಂದೆರಡು ಎಳೆಗಳನ್ನು ಮುಂದೆ ಇಡಿ. ಮುಖದ ಮೇಲೆ, ವಿಶೇಷವಾಗಿ ಕಣ್ಣುಗಳ ಮೇಲೆ ಹೊಗೆ ಹಾಯದಂತೆ, ಮೆದುವಾದ ಬ್ರಷ್ಷನ್ನು 10ರಿಂದ 15 ಪ್ರತಿಶತ ಒಪಾಸಿಟಿಯಲ್ಲಿ ಹಿಡಿದು ಮಾಸ್ಕ್ ಮೇಲೆ ಹಲವು ಸಲ ಎಳೆಯಿರಿ. ಯಕ್ಷಗಾನದ ವೇಷದಂಥ ಚಿತ್ರದಲ್ಲಿ ಕಿರೀಟದ ಅಂಚು ಮತ್ತು ಭುಜಕೀರ್ತಿಯ ಸುತ್ತ ಆಯ್ಕೆ ಬಿಗಿಯಾಗಿರಬೇಕು. ಅಲ್ಲಿ ಹಳೆಯ ಹಿನ್ನೆಲೆಯ ಒಂದು ಗೆರೆ ಉಳಿದರೂ ಹಿಂದಿನ ಹೊಗೆಯ ಮೇಲೆ ಅದು ಎದ್ದು ಕಾಣುತ್ತದೆ.

ಹಿಂದಿನ ಹೊಗೆಯಿಂದಾಗಿ ಅದರ ಹಿಂದಿರುವ ವಸ್ತುಗಳ ಕಾಂಟ್ರಾಸ್ಟ್ ಇಳಿಯಬೇಕು. ಮರ, ಗೋಡೆ, ಜನ ದೂರ ಹೋದಷ್ಟೂ ಹೆಚ್ಚು ಮಸುಕಾಗಬೇಕು. ಇದನ್ನು ಕರ್ವ್ಸ್ ಲೇಯರಿನಲ್ಲಿ ಕಪ್ಪಿನ ತುದಿಯನ್ನು ಸ್ವಲ್ಪ ಮೇಲೆತ್ತಿ, ಗ್ರೇಡಿಯೆಂಟ್ ಮಾಸ್ಕ್ ಹಾಕಿ ಮಾಡಬಹುದು. ಲೆನ್ಸಿಗೆ ಹತ್ತಿರವಿರುವ ಹೊಗೆ ಫೋಕಸ್ ತಪ್ಪಿರಬೇಕು. ಹಿನ್ನೆಲೆ ಮಸುಕಾಗಿರುವ ಭಾವಚಿತ್ರದಲ್ಲಿ ಮುಂದಿನ ಹೊಗೆಯ ಎಳೆಗಳು ಸೂಜಿಯಷ್ಟು ಚೂಪಾಗಿದ್ದರೆ ನಂಬುವವರಿಲ್ಲ. ಅದೇ ರೀತಿ, ನಿಧಾನವಾದ ಶಟರಿನಲ್ಲಿ ತೆಗೆದ ದೀಪೋತ್ಸವದ ಚಿತ್ರಕ್ಕೆ ಫ್ಲ್ಯಾಶಿನಲ್ಲಿ ಹೆಪ್ಪುಗಟ್ಟಿದ ಹೊಗೆ ಸಲ್ಲದು. ಅದಕ್ಕೆ ಅದು ಚಲಿಸುವ ದಿಕ್ಕಿನಲ್ಲಿ ಸ್ವಲ್ಪ ಮೋಷನ್ ಬ್ಲರ್ ಕೊಡಬೇಕು.

ಹೊಗೆಗೆ ನೆರಳು ಬೇಕೇ?

ನೇರ ಬಿಸಿಲಿದ್ದು ಹೊಗೆ ದಟ್ಟವಾಗಿದ್ದರೆ ಬೇಕು, ಇಲ್ಲದಿದ್ದರೆ ಬೇಡ. ಹೊಗೆಯ ಲೇಯರಿನ ನಕಲು ಮಾಡಿ, ಕಪ್ಪು ತುಂಬಿ, ಮಲ್ಟಿಪ್ಲೈಗೆ ಹಾಕಿ, ನೆಲಕ್ಕೆ ಒರಗಿಸಿ, ಚೆನ್ನಾಗಿ ಬ್ಲರ್ ಮಾಡಿ, 10ರಿಂದ 20 ಪ್ರತಿಶತದಲ್ಲಿ ನಿಲ್ಲಿಸಿ. ಪಕ್ಕದಲ್ಲಿ ನೀರಿದ್ದರೆ ಪ್ರತಿಬಿಂಬವನ್ನೂ ಮರೆಯಬೇಡಿ.

ಬಿಸಿ ಇಡ್ಲಿಯ, ಫಿಲ್ಟರ್ ಕಾಫಿಯ ಹಬೆಯನ್ನೂ ಹೀಗೆಯೇ ಮಾಡಬಹುದೇ?

ವಿಧಾನ ಅದೇ, ಆದರೆ ಹಬೆ ಹೊಗೆಯಲ್ಲ. ಅದು ನೀರಿನ ಹನಿಗಳು. ಹೊಗೆಯ ಕಣಗಳಿಗಿಂತ ಬಹಳ ದಪ್ಪ, ಆದ್ದರಿಂದ ನೀಲಿಯೂ ಇಲ್ಲ, ಕಂದೂ ಇಲ್ಲ, ಬಿಳಿ ಮಾತ್ರ. ಹೊಗೆ ಹರಡಿ ತೆಳುವಾಗುತ್ತದೆ. ಹಬೆಯಾದರೋ ಆವಿಯಾಗಿ ನಿಜವಾಗಿಯೂ ಇಲ್ಲವಾಗುತ್ತದೆ. ಹಾಗಾಗಿ ತಟ್ಟೆಯಿಂದ ಒಂದು ಗೇಣು ಏರುವಷ್ಟರಲ್ಲಿ ಅದು ಕರಗಿಹೋಗಬೇಕು. ಜೋರಾಗಿ ಕುದಿಯುವ ಕೆಟಲಿನ ಮೂತಿಯನ್ನು ಗಮನಿಸಿ ನೋಡಿ: ಮೂತಿಗೆ ತಾಗಿಕೊಂಡಂತೆ ಸ್ವಲ್ಪ ಜಾಗ ಬರಿದಾಗಿ ಕಾಣುತ್ತದೆ, ಬಿಳಿ ಹಬೆ ಆರಂಭವಾಗುವುದು ಅದರಾಚೆಗೆ. ಅಲ್ಲಿ ಇರುವುದು ಇನ್ನೂ ಹನಿಗಟ್ಟದ, ಕಣ್ಣಿಗೆ ಕಾಣದ ನೀರಾವಿ. ಆ ಬರಿ ಜಾಗವನ್ನು ಉಳಿಸಿದ ಚಿತ್ರ ಮತ್ತು ಉಳಿಸದ ಚಿತ್ರ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ತಣ್ಣಗಾದ ಇಡ್ಲಿಯ ಮೇಲೆ ಊದುಬತ್ತಿಯ ಸುರುಳಿಗಳನ್ನು ಹಾಕುವ ರೂಢಿಯನ್ನು ಬಿಡಬೇಕೆಂಬುದು ನನ್ನ ಮನವಿ. ಬಿಸಿನೀರಿನ ಪಾತ್ರೆಯನ್ನು ಕಪ್ಪು ಬಟ್ಟೆಯ ಮುಂದಿಟ್ಟು ಹಬೆಯದೇ ಚಿತ್ರ ತೆಗೆಯುವುದಕ್ಕೆ ಐದು ನಿಮಿಷ ಸಾಕು.

ಹೊಗೆಯಲ್ಲಿ ಪಟ್ಟೆಪಟ್ಟೆಯಾಗಿ ಗೆರೆಗಳು ಕಾಣುತ್ತವೆ. ಏನು ಮಾಡಬೇಕು?

ಎಂಟು ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ ಇರುತ್ತವೆ. ತೆಳುವಾದ ಹೊಗೆ ಇಡೀ ಆಕಾಶದುದ್ದಕ್ಕೂ ಹರಡಿ ಅದರಲ್ಲಿ ಹತ್ತೋ ಹದಿನೈದೋ ಮೆಟ್ಟಿಲುಗಳನ್ನು ಮಾತ್ರ ಬಳಸಿಕೊಂಡಾಗ ಒಂದೊಂದು ಮೆಟ್ಟಿಲೂ ಪಟ್ಟೆಯಾಗಿ ಕಾಣುತ್ತದೆ. ಕ್ಯಾಮೆರಾದಲ್ಲಿ ರಾ (ಕುಗ್ಗಿಸದ, ಸಂಸ್ಕರಿಸದ ಮೂಲ) ಕಡತವಾಗಿ ತೆಗೆದು, 16 ಬಿಟ್‌ನಲ್ಲಿಯೇ ಕೆಲಸ ಮಾಡಿ, ಕೊನೆಯಲ್ಲಿ ಹೊಗೆಯ ಲೇಯರಿಗೆ ಸ್ವಲ್ಪ ನಾಯ್ಸ್ ಸೇರಿಸಿದರೆ ಪಟ್ಟೆಗಳು ಒಡೆದುಹೋಗುತ್ತವೆ. ಈ ನಾಯ್ಸ್ ಇನ್ನೊಂದು ಕಾರಣಕ್ಕೂ ಬೇಕು: ಮುಖ್ಯ ಚಿತ್ರದಲ್ಲಿ ಇರುವಷ್ಟೇ ಕಾಳುಕಾಳು ಹೊಗೆಯಲ್ಲಿಯೂ ಇರದಿದ್ದರೆ ಅದು ಬೇರೆ ಕ್ಯಾಮೆರಾದಿಂದ ಬಂದದ್ದೆಂದು ತಿಳಿದುಬಿಡುತ್ತದೆ. ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿಕೊಂಡು, ಎರಡನ್ನೂ ಹೋಲಿಸಿ ಪ್ರಮಾಣವನ್ನು ನಿರ್ಧರಿಸಿ.

ಸ್ಮೋಕ್ ಬ್ರಷ್‌ಗಳು, ಕ್ಲೌಡ್ಸ್ ಫಿಲ್ಟರ್, ಕೃತಕ ಬುದ್ಧಿಮತ್ತೆ ಇವುಗಳಿಂದ ಕೆಲಸ ಆಗುವುದಿಲ್ಲವೇ?

ದೂರದ ಮಂಜಿಗೆ, ಕೋಣೆಯಲ್ಲಿ ಹರಡಿಕೊಂಡ ಮಸುಕಿಗೆ ಕ್ಲೌಡ್ಸ್ ಫಿಲ್ಟರ್ ಸಾಕಾಗುತ್ತದೆ. ಆದರೆ ಅದಕ್ಕೆ ಹರಿವಿನ ದಿಕ್ಕಿಲ್ಲದಿರುವುದರಿಂದ ಏಳುವ ಹೊಗೆಯಾಗಿ ಬಳಸಲು ಬಾರದು. ಬ್ರಷ್‌ಗಳನ್ನು ಹಿನ್ನೆಲೆಯ ತುಂಬುವಿಕೆಗೆ ಬಳಸಿ. ಎದ್ದು ಕಾಣುವ ಜಾಗದಲ್ಲಿ ಒಂದೇ ಬ್ರಷ್ಷನ್ನು ಎರಡು ಸಲ ಒತ್ತಬೇಡಿ. 2023ರಲ್ಲಿ ಫೋಟೋಶಾಪ್‌ಗೆ ಬಂದ ಜನರೇಟಿವ್ ಫಿಲ್ ಹೊಗೆಯನ್ನು ಕ್ಷಣದಲ್ಲಿ ಕೊಡುತ್ತದೆ, ಕೆಲವೊಮ್ಮೆ ಬೆಳಕನ್ನೂ ಸರಿಯಾಗಿ ಊಹಿಸುತ್ತದೆ. ಆದರೆ ಅದು ಆಯ್ದ ಜಾಗದ ಹಿನ್ನೆಲೆಯನ್ನೂ ಸೇರಿಸಿ ಹೊಸದಾಗಿ ಬರೆಯುವುದರಿಂದ, ಹೊಗೆಯ ಹಿಂದಿದ್ದ ಗೋಡೆಯ ಬರಹವೋ ಅತಿಥಿಯ ಮುಖವೋ ಬದಲಾಗಿರಬಹುದು. ಮದುವೆಯ ಚಿತ್ರದಲ್ಲಿ ಅದನ್ನು ಬಳಸಿದರೆ ಪ್ರತಿ ಮುಖವನ್ನೂ ಮೂಲದೊಂದಿಗೆ ಹೋಲಿಸಿ ನೋಡಲೇಬೇಕು.

ಇರುವ ಹೊಗೆಯನ್ನೇ ಕ್ಲೋನ್ ಸ್ಟ್ಯಾಂಪಿನಿಂದ ಹೆಚ್ಚಿಸಬಹುದೇ? ಸುದ್ದಿಯ ಚಿತ್ರಗಳಲ್ಲಿ?

ಎರಡು ಪ್ರಶ್ನೆಗಳಿಗೂ ಒಂದೇ ಘಟನೆ ಉತ್ತರ ಕೊಡುತ್ತದೆ. 2006ರ ಆಗಸ್ಟ್‌ನಲ್ಲಿ, ಲೆಬನಾನ್ ಯುದ್ಧದ ಸಮಯದಲ್ಲಿ, ಬೈರೂತ್ ನಗರದ ಮೇಲೆ ಏಳುತ್ತಿದ್ದ ಹೊಗೆಯ ಚಿತ್ರವೊಂದನ್ನು ರಾಯಿಟರ್ಸ್ ಸುದ್ದಿಸಂಸ್ಥೆ ಪ್ರಕಟಿಸಿತು. ಅದನ್ನು ಕಳಿಸಿದ್ದ ಸ್ವತಂತ್ರ ಛಾಯಾಗ್ರಾಹಕ ಹೊಗೆಯನ್ನು ಕ್ಲೋನ್ ಮಾಡಿ ಹೆಚ್ಚಿಸಿದ್ದ. ಒಂದೇ ಆಕಾರದ ಉಬ್ಬುಗಳು ಸಾಲಾಗಿ ಮತ್ತೆ ಮತ್ತೆ ಬಂದಿರುವುದನ್ನು ಅಂತರ್ಜಾಲದ ಓದುಗರು ಗುರುತಿಸಿದರು. ರಾಯಿಟರ್ಸ್ ಆ ಚಿತ್ರವನ್ನು ಹಿಂತೆಗೆದುಕೊಂಡು, ಆ ಛಾಯಾಗ್ರಾಹಕನೊಂದಿಗಿನ ಸಂಬಂಧವನ್ನು ಕಡಿದುಕೊಂಡು, ಮಾರಾಟಕ್ಕಿದ್ದ ಆತನ 920 ಚಿತ್ರಗಳೆಲ್ಲವನ್ನೂ ತೆಗೆದುಹಾಕಿತು.

ಕಸುಬಿನ ದೃಷ್ಟಿಯಿಂದ ನೋಡಿದರೆ, ಹೊಗೆಯ ಎರಡು ಉಬ್ಬುಗಳು ಎಂದೂ ಒಂದೇ ಆಗಿರುವುದಿಲ್ಲ, ಮತ್ತು ಪುನರಾವರ್ತನೆಯನ್ನು ಹಿಡಿಯುವುದರಲ್ಲಿ ಮನುಷ್ಯನ ಕಣ್ಣು ಬಹಳ ಚುರುಕು. ಅನಿವಾರ್ಯವಾಗಿ ಕ್ಲೋನ್ ಮಾಡಲೇಬೇಕಾದರೆ ನಕಲನ್ನು ತಿರುಗಿಸಿ, ಅಳತೆ ಬದಲಿಸಿ, ವಾರ್ಪ್ ಮಾಡಿ. ಸುದ್ದಿಯ ವಿಷಯದಲ್ಲಿ ನನ್ನ ನಿಲುವು ಖಚಿತ: ಸುದ್ದಿ, ಪೊಲೀಸ್ ದೂರು, ವಿಮೆಯ ದಾಖಲೆ, ಮಾಲಿನ್ಯದ ದೂರು ಇಂಥ ಯಾವ ಚಿತ್ರದಲ್ಲಿಯೂ ಒಂದು ಎಳೆ ಹೊಗೆಯನ್ನು ಸೇರಿಸಲೂಬಾರದು, ತೆಗೆಯಲೂಬಾರದು. ಜಾಹೀರಾತು, ಆಮಂತ್ರಣ, ನಾಟಕದ ಭಿತ್ತಿಚಿತ್ರ, ಕಲಾಕೃತಿ ಇವುಗಳಲ್ಲಿ ಅಡ್ಡಿಯಿಲ್ಲ; ಸ್ಪರ್ಧೆಗೆ ಕಳಿಸುವ ಮುನ್ನ ಮಾತ್ರ ಅದರ ನಿಯಮಗಳನ್ನು ಓದಿಕೊಳ್ಳಿ.

ಕೆಲಸ ಮುಗಿದ ಮೇಲೆ ಹೇಗೆ ಉಳಿಸಿಡಬೇಕು?

ಲೇಯರ್‌ಗಳಿರುವ ಮೂಲ ಕಡತವನ್ನು ಪಿಎಸ್‌ಡಿ ಅಥವಾ ಗಿಂಪ್‌ನ ಎಕ್ಸ್‌ಸಿಎಫ್ ರೂಪದಲ್ಲಿ 16 ಬಿಟ್‌ನಲ್ಲಿಯೇ ಇಟ್ಟುಕೊಳ್ಳಿ. ಗಿರಾಕಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಮತ್ತು ಹಾಗೆ ಕುಗ್ಗಿದಾಗ ಮೊದಲು ಚೌಕಚೌಕವಾಗಿ ಒಡೆಯುವುದು ಹೊಗೆಯ ತೆಳು ಭಾಗವೇ. ಮುದ್ರಣಕ್ಕೆ ಹೋಗುವುದಾದರೆ ಪೂರ್ತಿ ಚಿತ್ರಕ್ಕೆ ಮುಂಚೆ ಹೊಗೆ ಅತ್ಯಂತ ತೆಳುವಾಗಿರುವ ಜಾಗದ ಒಂದು ಸಣ್ಣ ತುಂಡನ್ನು ಅದೇ ಕಾಗದದ ಮೇಲೆ ಮುದ್ರಿಸಿಕೊಂಡು, ಹಗಲು ಬೆಳಕಿನಲ್ಲಿ ಹಿಡಿದು ನೋಡಿ.